ಅಟಾರ್ನಿ ಎದ್ದು ಹೊರಟ ಸೋಮವಾರ

ಬ್ಲ್ಯಾಕ್‌ಟೌನ್ ಸ್ಟೇಷನ್ ಹತ್ತಿರದ ಆ ಪುಟ್ಟ ಹೋಟೆಲಿನಲ್ಲಿ ಚಹಾ ಚೆನ್ನಾಗಿರುವುದಿಲ್ಲ. ಅದು ಜೋವಿಟಾಗೂ ಗೊತ್ತು, ಗುರುಶಾಂತಪ್ಪನಿಗೂ ಗೊತ್ತು. ಆದರೂ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳ ಸಭೆ ಸಿಡ್ನಿಯಲ್ಲಿ ನಡೆದಾಗಲೆಲ್ಲ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಅಟಾರ್ನಿ ಜನರಲ್ ಜೋವಿಟಾ ತಾವ್ರೊ ತನ್ನ ಅಧಿಕಾರಿಗಳನ್ನು ಏರ್‌ಪೋರ್ಟಿಗೆ ಸಾಗಹಾಕಿ, ಟ್ರೇನ್ ಹತ್ತಿ ಇಷ್ಟು ದೂರ ಬರುತ್ತಾಳೆ. ಚಹಾ ಕುಡಿಯುವುದಕ್ಕೆ ಎಂದು ಹೇಳಿಕೊಳ್ಳುತ್ತಾಳೆ. ಐವತ್ತು ದಾಟಿದ ಹೆಂಗಸು, ಅದೂ ಕಾನೂನು ಮಂತ್ರಿ, ತನಗೆ ತಾನೇ ಸುಳ್ಳು ಹೇಳಿಕೊಂಡರೆ ಕೇಳುವವರು ಯಾರು?

"ಮತ್ತ ಸೊರಗೀದಿ ನೀನು," ಎಂದ ಗುರುಶಾಂತಪ್ಪ. ಶೇಂಗಾ ಚಟ್ನಿಪುಡಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅವಳತ್ತ ಒಂದಿಷ್ಟು ಸರಿಸಿದ. ಪ್ರತಿ ಸಲವೂ ಹೀಗೆಯೇ. ಬಾಟಲಿ ಪೂರ್ತಿ ಇವಳ ಕೈಗೆ ಬರುವುದಿಲ್ಲ, ಮೇಜಿನ ನಡುವೆ ನಿಲ್ಲುತ್ತದೆ.

"ಸೊರಗುದು ಎಂತ ಮಾರಾಯ, ಟಿವಿಯಲ್ಲಿ ದಪ್ಪ ಕಾಣ್ತೇನೆ ಅಂತ ಜನ ಬೈತಾರೆ."

"ಟಿವಿ ನೋಡಾಂವಗ ಏನ ಗೊತ್ತು?" ಅವನು ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ನೋಡಿದ. ಕನ್ನಡಕವಿಲ್ಲದೆ ಅವನಿಗೆ ಏನೂ ಸರಿಯಾಗಿ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಅವಳೂ ನೋಡಿದಳು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಚೆನ್ನಾಗಿಯೇ ಒಪ್ಪಿತ್ತು.

ಇಬ್ಬರೂ ಮೆಲ್ಬರ್ನಿನಲ್ಲಿ ಒಂದೇ ಕ್ಲಾಸಿನಲ್ಲಿ ಲಾ ಓದಿದವರು. ಇವಳು ಕಿನ್ನಿಗೋಳಿಯ ಕೊಂಕಣಿ ಹುಡುಗಿ, ಅವನು ಗದಗಿನ ಹುಡುಗ. ಇಂಗ್ಲಿಷಿನಲ್ಲಿ ದಿನವಿಡೀ ನಾಲಿಗೆ ದಣಿದ ಮೇಲೆ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲಿ ಜಗಳಾಡುತ್ತಿದ್ದರು. ಅವಳು ಹೇಳಲಿ ಎಂದು ಅವನು, ಅವನು ಹೇಳಲಿ ಎಂದು ಅವಳು, ಇಬ್ಬರೂ ಕಾದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ ಇಬ್ಬರಿಗೂ ಇತ್ತು. ಅವನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಊರಿನವರು ನೋಡಿದ ಹುಡುಗಿಯ ಜೊತೆ ಮದುವೆಯಾಯಿತು, ಕೆಲವು ವರ್ಷಕ್ಕೆ ಆ ಮದುವೆ ಗದ್ದಲವಿಲ್ಲದೆ ಮುಗಿದೂ ಹೋಯಿತು.

ಇವಳು ಮೆಲ್ಬರ್ನಿನಲ್ಲೇ ಉಳಿದಳು. ಬಡವರಿಗೆ ಪುಕ್ಕಟೆ ವಕಾಲತ್ತು ಮಾಡುವ ಆಫೀಸಿನಲ್ಲಿ ಜಾಮೀನಿನ ಅರ್ಜಿಗಳ ಹಿಂದೆ ಓಡಾಡಿದಳು. ಆಮೇಲೆ ಕೌನ್ಸಿಲ್, ಆಮೇಲೆ ಪಾರ್ಲಿಮೆಂಟು, ಕೊನೆಗೆ ರಾಜ್ಯದ ಅಟಾರ್ನಿ ಜನರಲ್ ಹುದ್ದೆ. ಕನ್ನಡ ಸಂಘದವರು ಹೊದಿಸಿದ ಶಾಲುಗಳಿಂದ ಒಂದು ಬೀರು ತುಂಬಿತು. ಹೊರಗಿನ ಚಳಿಗೆ ಶಾಲು ಸಾಕು. ಮನೆಯೊಳಗಿನ ಚಳಿ ಬೇರೆ.

"ಮನ್ಯಾಗ ನಿನ್ನ ದಾರಿ ಕಾಯಾಕ ಯಾರ ಅದಾರ?" ಅವನು ಕೇಳಿದ.

"ಅಜಯ್ ಇದ್ದಾನಲ್ಲ, ಡ್ರೈವರ್. ನನ್ನನ್ನು ಇಳಿಸಿ, ಒಳಗೆ ದೀಪ ಹತ್ತುವ ತನಕ ಗೇಟಿನ ಹೊರಗೆ ನಿಲ್ತಾನೆ. ಪಾಪ, ಅವನಿಗೆ ಲೇಟ್ ಆಗ್ತದಂತ ನಾನು ಓಡಿ ಹೋಗಿ ಸ್ವಿಚ್ ಹಾಕುದು." ನಗಿಸುವುದಕ್ಕೆ ಹೇಳಿದ್ದು. ಗುರುಶಾಂತಪ್ಪ ನಗಲಿಲ್ಲ.

"ಜೋವಿ, ನಾ ಮೆಲ್ಬರ್ನಿಗೆ ಬರೋ ವಿಚಾರ ಮಾಡೀನಿ."

ಅವಳ ಕೈಯಲ್ಲಿದ್ದ ಕಪ್ಪು ಸಾಸರಿಗೆ ತಾಗಿ ಸದ್ದಾಯಿತು. "ಎಂತಕ್ಕೆ?"

"ಅಲ್ಲಿ ಹವಾ ಚಲೋ ಐತಂತ."

ಒಂದೇ ದಿನದಲ್ಲಿ ಮಳೆ, ಬಿಸಿಲು, ಕೊರೆಯುವ ಗಾಳಿ ಮೂರನ್ನೂ ಉಣಿಸುವ ಮೆಲ್ಬರ್ನಿಗೆ ಹವೆ ಅರಸಿ ಬಂದವರನ್ನು ಯಾರೂ ಕಂಡಿಲ್ಲ. ಜೋವಿಟಾ ಅವನ ಮುಖ ನೋಡಿದಳು. ಅವನು ಬಿಲ್ಲು ತರಿಸುವ ನೆಪದಲ್ಲಿ ಅತ್ತ ತಿರುಗಿದ. ಕಿವಿ ಮಾತ್ರ ಕೆಂಪಗಾಗಿತ್ತು.

ಮೆಲ್ಬರ್ನಿನ ಪಶ್ಚಿಮ ಅಂಚಿನ ಟ್ರುಗನಿನಾದ ತನ್ನ ಮನೆಗೆ ಮರಳಿದ ಆ ವಾರಾಂತ್ಯ, ಜೋವಿಟಾ ಇಂಡಿಯನ್ ಅಂಗಡಿಗೆ ಹೋಗಿ ಜೋಳದ ಹಿಟ್ಟಿನ ದೊಡ್ಡ ಚೀಲ ತಂದಳು. ಹುಟ್ಟಿದಾಗಿನಿಂದ ಮೀನು ಗಸಿ ತಿಂದ ಕೈ, ರೊಟ್ಟಿ ಎಲ್ಲಿ ತಟ್ಟೀತು? ಮೊದಲನೆಯದು ಹರಿಯಿತು, ಎರಡನೆಯದು ಹೆಂಚಿಗೆ ಅಂಟಿತು. ನೋಡುವವರಿಲ್ಲದ ಅಡುಗೆಮನೆಯಲ್ಲಿ ಅವಳಿಗೆ ನಾಚಿಕೆಯಾಯಿತು. ಆದರೂ ಮುಚ್ಚಿಯೇ ಇದ್ದ ಬೆಡ್‌ರೂಮುಗಳ ಪರದೆಗಳನ್ನೆಲ್ಲ ಅಂದು ಸರಿಸಿದಳು.

ಪೆಟ್ಟು ಬಿದ್ದದ್ದು ಆಫೀಸಿನಲ್ಲಿ.

"ಅಟಾರ್ನಿ, ಮ್ಯಾಜಿಸ್ಟ್ರೇಟ್ ಪೋಸ್ಟ್‌ಗೆ ಪ್ಯಾನೆಲ್ ಆರಿಸಿರೋ ಹೆಸರುಗಳು ಬಂದಿವೆ," ಎಂದಳು ತೇಜಸ್ವಿನಿ. ಜೋವಿಟಾಳ ಆಫೀಸನ್ನೆಲ್ಲ ನಡೆಸುವ, ನಗರದ ಇನ್ನೊಂದು ತುದಿಯ ಈ ಕ್ರಾನ್‌ಬರ್ನ್ ಹುಡುಗಿ ಕೆಲಸದಲ್ಲಿ 'ಅಟಾರ್ನಿ' ಎನ್ನುತ್ತಾಳೆ, ಲಿಫ್ಟಿನಲ್ಲಿ ಇಬ್ಬರೇ ಇದ್ದರೆ 'ಆಂಟಿ' ಎನ್ನುತ್ತಾಳೆ. "ಸೋಮವಾರ ಕ್ಯಾಬಿನೆಟ್‌ನಲ್ಲಿ ನೀವೇ ಪ್ರೆಸೆಂಟ್ ಮಾಡ್ಬೇಕು. ಇದ್ರಲ್ಲಿ ನಮ್ಮೋರೊಬ್ರು ಇದ್ದಾರೆ, ನೋಡಿ! ಸಿಡ್ನಿಯವರಂತೆ. ಗುರುಶಾಂತಪ್ಪ ಹೊಸಮನಿ."

ಜೋವಿಟಾ ಹೆಸರನ್ನು ಎರಡೆರಡು ಸಲ ಓದಿದಳು. ಹವಾ ಚಲೋ ಐತಂತ!

ಅವನು ಮೊದಲೇ ಯಾಕೆ ಹೇಳಲಿಲ್ಲ ಎಂಬುದು ಅವಳಿಗೆ ತಕ್ಷಣ ಹೊಳೆಯಿತು. ಹೇಳಿದರೆ ಮಂತ್ರಿಯ ಹತ್ತಿರ ಶಿಫಾರಸು ಕೇಳಿದ ಹಾಗಾಗುತ್ತದೆ. ತನ್ನ ಯೋಗ್ಯತೆಯಿಂದಲೇ ಕೆಲಸ ಗಿಟ್ಟಿಸಿ, ಇವಳಿರುವ ಊರಿಗೆ ಬಂದು, ಆಮೇಲೆ ಬಾಯಿ ಬಿಡೋಣ ಎಂದು ಲೆಕ್ಕ ಹಾಕಿದ್ದಾನೆ, ಮಹಾರಾಯ. ಅತಿ ಪ್ರಾಮಾಣಿಕರ ಬುದ್ಧಿವಂತಿಕೆ ಇಷ್ಟೇ. ಹತ್ತಿರ ಬರಲು ಅವನು ಹಿಡಿದ ದಾರಿ ನೇರವಾಗಿ ಇವಳ ಮೇಜಿಗೇ ಬಂದು ನಿಂತಿತ್ತು.

"ಇವರು ನನ್ನ ಕ್ಲಾಸ್‌ಮೇಟ್," ಎಂದಳು.

"ಮೆಲ್ಬರ್ನ್ ಲಾಯರ್‌ಗಳಲ್ಲಿ ಅರ್ಧ ಜನ ನಿಮ್ಮ ಕ್ಲಾಸ್‌ಮೇಟ್ಸೇ. ಅದಕ್ಕೆಲ್ಲ ಕ್ಯಾಬಿನೆಟ್‌ನಿಂದ ಎದ್ದು ಹೋಗ್ಬೇಕಾಗಿಲ್ಲ." ತೇಜಸ್ವಿನಿ ತಲೆ ಎತ್ತಿ ನೋಡಿದಳು. "ಅಷ್ಟೇ ಅಲ್ವಾ?"

ಮಂತ್ರಿಗಳ ಸಭೆಯ ಪದ್ಧತಿ ಹಾಗಿದೆ. ಚರ್ಚೆಗೆ ಬಂದ ವಿಷಯದಲ್ಲಿ ಮಂತ್ರಿಗೆ ಸ್ವಂತದ್ದೇನಾದರೂ ಇದ್ದರೆ, ಅದನ್ನು ಹೇಳಿ, ಕುರ್ಚಿ ಬಿಟ್ಟೆದ್ದು, ಹೊರಗೆ ಹೋಗಬೇಕು. ಜಮೀನು, ಷೇರು, ಮಗ, ಅಳಿಯ, ಇಂಥವುಗಳಿಗೆ ಎದ್ದು ಹೋದವರನ್ನು ಜೋವಿಟಾ ನೋಡಿದ್ದಳು. ತಾನು ಒಮ್ಮೆಯೂ ಎದ್ದಿರಲಿಲ್ಲ. ಸ್ವಂತದ್ದೆಂದು ಎದ್ದು ಹೋಗಲು ಅವಳಿಗೆ ಏನಿತ್ತು?

ಎದ್ದರೆ, ಅವನಿಗೆ ಇಷ್ಟು ವರ್ಷ ಹೇಳದ ಮಾತನ್ನು ಅವನಿಗಿಂತ ಮೊದಲು ಇಡೀ ಕ್ಯಾಬಿನೆಟ್ಟಿಗೆ ಹೇಳಿದ ಹಾಗೆ. ಅವನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲದಿದ್ದರೆ? ಅವನು ನಿಜಕ್ಕೂ ಬರೀ ಕೆಲಸಕ್ಕೆಂದೇ ಬರುವವನಾಗಿದ್ದರೆ? ಈ ವಯಸ್ಸಿನಲ್ಲಿ ಊರೆಲ್ಲ ನಗುತ್ತದೆ. ಎದ್ದೇಳದಿದ್ದರೆ ಯಾರೂ ಕೇಳುವುದಿಲ್ಲ. ಆದರೆ ಸುಳ್ಳಿನ ಮೇಲೆ ಕೂತಂತಾಗುತ್ತದೆ, ಮತ್ತು ಅಲ್ಲಿಂದ ಮುಂದೆ ಜೀವಮಾನವಿಡೀ ಅವನು ಬರೀ ಕ್ಲಾಸ್‌ಮೇಟ್.

ಅರ್ಜಿ ಹಾಕಿದವನಿಗೆ ಅವಳು ಫೋನ್ ಮಾಡುವಂತಿರಲಿಲ್ಲ. ಅವನೂ ಮಾಡಲಿಲ್ಲ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದು, ತಣ್ಣಗಿನ ಅನ್ನಕ್ಕೆ ಅವನ ಚಟ್ನಿಪುಡಿ ಕಲಸಿಕೊಂಡು ಒಬ್ಬಳೇ ಉಂಡಳು. ಅಷ್ಟು ದೊಡ್ಡ ಮನೆಯಲ್ಲಿ ಅವಳ ಚಮಚದ ಸದ್ದು ಅವಳಿಗೇ ಕೇಳಿಸುತ್ತಿತ್ತು.

ಸೋಮವಾರ ಆ ವಿಷಯ ಬಂತು. ಪ್ರೀಮಿಯರ್, ಎಂದರೆ ರಾಜ್ಯದ ಮುಖ್ಯಮಂತ್ರಿ, ಇವಳ ಕಡೆ ನೋಡಿ, "ಜೋವಿಟಾ, ಶುರು ಮಾಡು," ಎಂದರು.

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. "ಇದರಲ್ಲಿರುವ ಶ್ರೀ ಹೊಸಮನಿ ನನಗೆ ಗೊತ್ತಿರುವವರು. ಈ ವಿಷಯವನ್ನು ಬೇರೆ ಮಂತ್ರಿ ನಡೆಸಲಿ. ನಾನು ಹೊರಗಿರುತ್ತೇನೆ."

"ಸ್ನೇಹಿತರೇ?" ಪ್ರೀಮಿಯರ್ ಪೆನ್ನು ಎತ್ತಿ ಕೇಳಿದರು. "ಸ್ನೇಹಕ್ಕೆಲ್ಲ ಏಳಬೇಕಾಗಿಲ್ಲ."

"ಸ್ನೇಹವಾಗಿದ್ದರೆ ಕೂತೇ ಇರುತ್ತಿದ್ದೆ," ಎಂದಳು ಜೋವಿಟಾ.

ಯಾರೋ ಕೆಮ್ಮಿದರು. ಪ್ರೀಮಿಯರ್ ಪೆನ್ನು ಕೆಳಗಿಟ್ಟು, ತಲೆಯಾಡಿಸಿದರು. ಬಾಗಿಲವರೆಗಿನ ದಾರಿ ಅವಳಿಗೆ ಆವತ್ತು ಬಲು ಉದ್ದವಾಯಿತು.

ಹೊರಗೆ ತೇಜಸ್ವಿನಿ ನಿಂತಿದ್ದಳು. ಒಳಗಿರಬೇಕಾದ ಅಟಾರ್ನಿ ಹೊರಗೆ ಬಂದದ್ದು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಏನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟು, "ಕೂತ್ಕೊಳ್ಳಿ, ಆಂಟಿ," ಎಂದಳು. ಅಲ್ಲಿ ಲಿಫ್ಟ್ ಇರಲಿಲ್ಲ.

ಹೊಸ ಮ್ಯಾಜಿಸ್ಟ್ರೇಟರಿಗೆ ಸುದ್ದಿಯನ್ನು ಅಟಾರ್ನಿಯೇ ಫೋನ್ ಮಾಡಿ ತಿಳಿಸುವುದು ವಾಡಿಕೆ. ಜೋವಿಟಾ ಎಷ್ಟೋ ಜನಕ್ಕೆ ಹಾಗೆ ಮಾಡಿದ್ದಳು. ಈ ಸಲದ ಫೋನ್ ಇನ್ನೊಬ್ಬ ಮಂತ್ರಿಯ ಪಾಲಾಯಿತು. ಆ ಸಂಜೆ ಅವಳು ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು.

"ಕೆಲಸ ಸಿಕ್ತು," ಎಂದ ಗುರುಶಾಂತಪ್ಪ.

"ಕಂಗ್ರಾಜುಲೇಷನ್ಸ್."

"ನಿನ್ನ ಫೋನ್ ಬರ್ತದಂತ ಕುಂತಿದ್ದೆ. ಬ್ಯಾರೆಯವ್ರದು ಬಂತು. ಎದ್ದು ಹೋದಿ ಏನ, ಜೋವಿ?"

"ಎದ್ದು ಹೋದೆ."

"ಯಾಕ?"

"ನೀನೇ ಲಾಯರ್ ಅಲ್ವಾ? ರೂಲ್ಸ್ ಗೊತ್ತುಂಟಲ್ಲ."

"ರೂಲ್ಸ್ ಗೊತ್ತದ. ನಾ ನಿನ್ನ ಅಳಿಯ ಅಲ್ಲ, ನನ್ನ ಕಂಪನಿ ಷೇರು ನಿನ್ನ ಹತ್ರ ಇಲ್ಲ. ಮತ್ತ ಯಾವ ಕಾರಣಕ್ಕ ಎದ್ದಿ? ಬಾಯಿಬಿಟ್ಟ ಹೇಳು. ಇಷ್ಟ ವರ್ಷ ಕಾದೀನಿ, ಕೇಳಿಯರ ಸಾಯ್ತೀನಿ."

"ನಿನ್ನ ಮೇಲೆ ನನಗೆ ಪ್ರೀತಿ ಉಂಟು, ಮಾರಾಯ," ಎಂದಳು ಜೋವಿಟಾ. ಹೇಳುವಾಗ ಅಳು ಬಂದೇಬಿಟ್ಟಿತು. "ಸಾಕಾ? ಮೊದಲು ಪ್ರೀಮಿಯರಿಗೆ ಹೇಳಿ, ಆಮೇಲೆ ನಿನಗೆ ಹೇಳುವ ಹಾಗೆ ಮಾಡಿದಿಯಲ್ಲ!"

"ನಾ ಹವಾ ಚಲೋ ಐತಿ ಅಂದಾಗನ ನಿನಗ ತಿಳೀತು ಅನ್ಕೊಂಡಿದ್ದೆ," ಅವನ ದನಿಯೂ ಒದ್ದೆಯಾಗಿತ್ತು. "ನಿನ್ನ ಸಲುವಾಗೇ ಬರಾಕತ್ತೀನಿ. ಇನ್ಯಾತಕ ಬರ್ಲಿ ಆ ಥಂಡ್ಯಾಗ?"

ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರುವ ಹಾಗಿರಲಿಲ್ಲ.

"ಇನ್ನು ನಾವು ಒಂದು ಮೇಜಿನಲ್ಲಿ ಕೂತು ಊಟ ಮಾಡ್ಲಿಕ್ಕಿಲ್ಲ, ಗುರು. ನಿನ್ನ ಕೋರ್ಟಿಗೆ ಬಂದು ನಿಂತವ, ಈ ಮ್ಯಾಜಿಸ್ಟ್ರೇಟ್ ಅಟಾರ್ನಿ ಮನೆಯಲ್ಲಿ ಉಣ್ಣುವವ ಅಂತ ಯೋಚನೆ ಮಾಡ್ಬಾರ್ದು."

"ಹಂಗಾರ ನನಗ ಕೆಲಸ ಬ್ಯಾಡ."

"ಬೇಡ ಅಂದ್ರೆ ನಾನು ಎದ್ದು ಹೋದದ್ದೇ ದಂಡ. ಸುಮ್ಮನೆ ಕೂತ್ಕೊ. ನಿನ್ನ ಕುರ್ಚಿ ಈಗಷ್ಟೇ ಸಿಕ್ಕಿದೆ, ನಾನು ನನ್ನದರಲ್ಲಿ ಸಾಕಷ್ಟು ಕೂತಾಗಿದೆ. ನವೆಂಬರಿನಲ್ಲಿ ಎಲೆಕ್ಷನ್. ಗೆದ್ದರೂ ಈ ಖಾತೆ ನನಗೆ ಬೇಡ ಅಂತ ಪ್ರೀಮಿಯರಿಗೆ ಹೇಳಿ ಬಂದೆ. ಅಲ್ಲಿವರೆಗೆ ನಮಗೆ ಫೋನೇ ಗತಿ."

"ಆತು," ಎಂದ ಅವನು. ಅವಳು ಆ ಕುರ್ಚಿಗೆ ಏನೇನು ತೆತ್ತಿದ್ದಾಳೆ ಎಂಬುದನ್ನು ಅವನಷ್ಟು ಬಲ್ಲವರಿರಲಿಲ್ಲ.

ಅವನು ಕ್ರಾನ್‌ಬರ್ನಿನಲ್ಲಿ ರೆಂಟ್‌ಗೆ ಮನೆ ಹಿಡಿದ. ನಗರದ ಆ ತುದಿ ಅವನದು, ಈ ತುದಿ ಇವಳದು. ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಹೋಗುವುದೂ ಒಂದೇ, ವಿಮಾನದಲ್ಲಿ ಸಿಡ್ನಿಗೆ ಹೋಗುವುದೂ ಒಂದೇ. ಅವನ ಪ್ರಮಾಣವಚನದ ದಿನ ಅವಳು ಭಾಷಣ ಮಾಡಲಿಲ್ಲ, ಹೋಗಲೂ ಇಲ್ಲ. ತೇಜಸ್ವಿನಿ ಕಳಿಸಿದ ಫೋಟೋದಲ್ಲಿ ಅವನು ಕನ್ನಡಕ ತೆಗೆದು ಒರೆಸುತ್ತಿದ್ದ.

ಜೂನಿನಲ್ಲಿ ಮೆಲ್ಬರ್ನಿನ ಚಳಿಗಾಲ ಬಂತು. ಒಂದು ಸಂಜೆ ಅಜಯ್ ಗೇಟಿನ ಮುಂದೆ ಕಾರು ನಿಲ್ಲಿಸಿದ. ಜೋವಿಟಾ ಎಂದಿನಂತೆ ಓಡಲಿಲ್ಲ. ನಿಧಾನವಾಗಿ ಒಳಗೆ ಹೋಗಿ ಸ್ವಿಚ್ ಹಾಕಿದಳು, ಕಾರು ಹೊರಟುಹೋಯಿತು. ಹಿಟ್ಟು ಕಲಸಿ, ತಟ್ಟಿ, ಬೇಯಿಸಿ, ಆ ರೊಟ್ಟಿಯ ಫೋಟೋ ತೆಗೆದು ಗುರುಶಾಂತಪ್ಪನಿಗೆ ಕಳಿಸಿದಳು.

"ಇದು ರೊಟ್ಟಿನೋ, ಟ್ಯಾಸ್ಮೇನಿಯಾದ ನಕ್ಷೆನೋ?" ಎಂದು ಉತ್ತರ ಬಂತು.

ಖಾಲಿ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕಳು. "ಹಿಟ್ಟು ಹಳೆಯದಾಯ್ತು," ಎಂದು ಬರೆದಳು.

"ಹಳೇ ಹಿಟ್ಟಿನ್ಯಾಗ ಜಿಗಿ ಇರಂಗಿಲ್ಲ. ನವೆಂಬರಿಗೆ ನಾನ ಹೊಸಾದು ತರ್ತೀನಿ."

ಅವಳು ಹರಿದ ರೊಟ್ಟಿಯ ಮೇಲೆ ಚಟ್ನಿಪುಡಿ ಉದುರಿಸಿದಳು. ಒಬ್ಬಳೇ ಉಣ್ಣುವುದು ಅವಳಿಗೆ ಹೊಸದಲ್ಲ, ಆದರೆ ಇತ್ತೀಚೆಗೆ ಅದು ಮೊದಲಿಗಿಂತ ಕಷ್ಟವಾಗುತ್ತಿತ್ತು. ಫೋನ್ ಮತ್ತೆ ಮಿನುಗಿತು.

"ದೀಪ ಹಚ್ಚಿದಿ ಏನ?"

"ಹಚ್ಚಿದೆ," ಎಂದು ಬರೆದಳು. "ನೀನು ಇನ್ನು ಮಲಗು."