ನೀಲಿಯಜ್ಜಿಯ ಸಹಿ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಐಸ್ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಮೊಬೈಲನ್ನು ಇನ್‌ಸ್ಪೆಕ್ಟರ್ ಮುಂದೆ ಹಿಡಿದರು. ಪರದೆಯ ಮೇಲೆ ಒಂದೇ ಸಾಲು: ‘ಅರ್ಜಿದಾರರ ಕೋರಿಕೆಯಂತೆ ಅರ್ಜಿಯನ್ನು ಹಿಂಪಡೆಯಲಾಗಿದೆ.’

“ನಾನು ಕೋರಿಲ್ಲ ಮೇಡಂ,” ಎಂದರು.

“ಯಾವ ಅರ್ಜಿ?”

“ಅಂತರ್ಜಲ ತೆಗೆಯೋ ಪರವಾನಗಿದು. ಹೊಸದಾಗಿ ಎರಡು ಕೊಳವೆಬಾವಿ. ಆನ್‌ಲೈನಲ್ಲಿ ಹಾಕಿದ್ದು. ಎಲ್ಲ ಹಂತ ದಾಟಿ ಕೊನೇ ಸಹಿಗೆ ಬಂದಿತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡು ಹದಿನೇಳಕ್ಕೆ ಯಾರೋ ವಾಪಸ್ ತಗೊಂಡಿದ್ದಾರೆ.”

“ಮತ್ತೆ ಹಾಕಿ.”

“ಒಂದು ಸಲ ಹಿಂಪಡೆದ್ರೆ ಆ ಜಾಗಕ್ಕೆ ಆರು ತಿಂಗಳು ಹೊಸ ಅರ್ಜಿ ಹಾಕೋ ಹಾಗಿಲ್ಲ. ಬೇಸಿಗೆ ಪೂರ್ತಿ ಕೈ ಬಿಟ್ಟುಹೋಯ್ತು. ನೀರಿಲ್ದೆ ನಾವೇನು ಗಾಳೀನ ಹೆಪ್ಪುಗಟ್ಟಿಸಿ ಮಾರೋದಾ?”

“ಪಾಸ್‌ವರ್ಡ್ ಯಾರ ಹತ್ತಿರ ಇದೆ?”

“ನನ್ನೊಬ್ಬನ ಹತ್ತಿರ.”

“ಲಾಗಿನ್ ಮಾಡಿದ್ದು?”

“ನಾನೇ. ಇಷ್ಟೆಲ್ಲ ಓದಿದ್ದೀನಿ, ಒಂದು ಅರ್ಜಿ ತುಂಬೋಕೆ ಬರಲ್ವಾ?”

“ಪೂರ್ತಿ ಅರ್ಜಿಯ ಪ್ರತಿ ಬೇಕು. ಲಗತ್ತುಗಳ ಸಮೇತ.”

ಮ್ಯಾನೇಜರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. “ಇಪ್ಪತ್ತಮೂರು ಪುಟ ಇದೆ ಮೇಡಂ. ಅದೆಲ್ಲ ಯಾಕೆ? ಕಳ್ಳನ್ನ ಹಿಡೀರಿ, ಸಾಕು.”

“ಕಳ್ಳ ಏನು ಕದ್ದ ಅಂತ ನನಗೆ ಗೊತ್ತಾಗಬೇಕಲ್ಲ.”

“ಸಂಜೆ ಕಳಿಸ್ತೀನಿ.”

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 118. ಬೇರೆಯವರ ಗುರುತು ಬಳಸಿ ವಂಚನೆ. ಸಂಜೆಗೆ ಅರ್ಜಿಯ ಪ್ರತಿ ಬರಲಿಲ್ಲ. ಮರುದಿನವೂ ಬರಲಿಲ್ಲ.

ದಫೇದಾರರಿಗೆ ಇಪ್ಪತ್ತೆಂಟು ವರ್ಷದ ಸೇವೆ. ಯಾವ ಪ್ರಕರಣಕ್ಕೂ ಮೊದಲ ದಿನವೇ ಒಬ್ಬ ಅಪರಾಧಿಯನ್ನು ಹುಡುಕಿಡುವುದು ಅವರ ರೂಢಿ. “ಊರಾಚೆ ಇನ್ನೊಂದು ಐಸ್ ಕಾರ್ಖಾನೆ ಇದೆಯಲ್ಲ, ಅದರ ಮಾಲೀಕನದೇ ಕೆಲಸ. ಇಬ್ಬರೂ ಹಾವು ಮುಂಗುಸಿ,” ಎಂದರು.

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಅಲ್ಲಿಗೆ ಹೋದರು. ಮಾಲೀಕ ಗೋಣಿತಾಟು ಹೊದಿಸಿದ ಐಸ್ ದಿಮ್ಮಿಗಳ ನಡುವೆ ನಿಂತಿದ್ದ. ವಿಷಯ ಕೇಳಿ ನಕ್ಕುಬಿಟ್ಟ.

“ಅವನಿಗೆ ಪರವಾನಗಿ ಸಿಕ್ಕಿದ್ರೆ ಅದನ್ನೇ ತೋರಿಸಿ ನಾನೂ ಕೇಳೋಣ ಅಂತ ಕಾಯ್ತಿದ್ದೆ ಮೇಡಂ. ಅವನ ದಾರಿಗೆ ಮುಳ್ಳು ಹಾಕಿದ್ರೆ ಚುಚ್ಚೋದು ನನ್ನ ಕಾಲಿಗೇ.”

ಶುಕ್ರವಾರ ಮಧ್ಯಾಹ್ನ ಅವನು ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದ. ಚೀಟಿ ತೋರಿಸಿದ. ದಫೇದಾರರು ಚೀಟಿಯ ಸಮಯವನ್ನು ಎರಡು ಸಲ ಓದಿ, ಬೇಸರದಿಂದ ವಾಪಸ್ ಕೊಟ್ಟರು.

ಬುಧವಾರ ಸಂಜೆ ನಾಲ್ಕಕ್ಕೆ ಅಂತರ್ಜಲ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ಉತ್ತರ ಬಂತು. ಅರ್ಜಿ ಹಿಂಪಡೆದ ಇಂಟರ್ನೆಟ್ ಸಂಪರ್ಕ ಬಸ್ ನಿಲ್ದಾಣದ ಎದುರಿನ ಒಂದು ಅಂಗಡಿಯದು. ಮೊದಲು ಲಾಗಿನ್ ತೆರೆದದ್ದೂ ಅದೇ ಸಂಪರ್ಕದಿಂದ.

“ನಾನೇ ಮಾಡಿದ್ದು ಅಂದ್ರಲ್ಲ ಮ್ಯಾನೇಜರು,” ಎಂದರು ದಫೇದಾರರು.

“ಓದಿದವರು,” ಎಂದರು ಇನ್‌ಸ್ಪೆಕ್ಟರ್.

ಗುರುವಾರ ಹತ್ತು ಐವತ್ತಕ್ಕೆ ಜೀಪು ಆ ಅಂಗಡಿಯ ಮುಂದೆ ನಿಂತಿತು. ಜನ ಸುತ್ತ ಸೇರಬಾರದೆಂದು ದಫೇದಾರರು ಹೊರಗೇ ಉಳಿದರು. ಒಳಗೆ ನಾಲ್ಕು ಕಂಪ್ಯೂಟರು, ಅಕ್ಷರ ಸವೆದ ಕೀಬೋರ್ಡುಗಳು, ಬಿಸಿಯಾದ ಜೆರಾಕ್ಸ್ ಯಂತ್ರ. ಗೋಡೆಯ ಮೇಲೆ ಕೈಬರಹದ ಚೀಟಿ: ‘ಓಟಿಪಿ ಬರುವವರೆಗೆ ನನ್ನ ಮೇಲೆ ಸಿಟ್ಟಾಗಬೇಡಿ.’ ಅಂಗಡಿಯವಳಿಗೆ ಮೂವತ್ತೈದರ ಆಸುಪಾಸು. ಜಾತಿಪತ್ರದಿಂದ ಪಿಂಚಣಿವರೆಗೆ ಎಲ್ಲರ ಅರ್ಜಿಯನ್ನೂ ತುಂಬಿಕೊಡುತ್ತಿದ್ದುದರಿಂದ ಊರೆಲ್ಲ ಅವಳನ್ನು ಅರ್ಜಿ ಅಕ್ಕ ಎಂದೇ ಕರೆಯುತ್ತಿತ್ತು.

“ಐಸ್ ಕಾರ್ಖಾನೆಯವರ ಲಾಗಿನ್ ಇಲ್ಲಿ ಮಾಡಿದ್ದಾ?”

“ಹೌದು ಮೇಡಂ. ಹೆಸರು, ವಿಳಾಸ ತುಂಬಿಕೊಟ್ಟೆ. ಕಾಗದಪತ್ರ ನಾವೇ ಸೇರಿಸ್ತೀವಿ ಅಂದ್ರು. ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಅಂತ ಎರಡು ಸಲ ಹೇಳಿದ್ದೆ.”

“ಶುಕ್ರವಾರ ಹನ್ನೆರಡು ಹದಿನೇಳಕ್ಕೆ ಇಲ್ಲಿ ಯಾರಿದ್ರು?”

ಅವಳು ಗ್ರಾಹಕರ ರಿಜಿಸ್ಟರ್ ತೆಗೆದು ಮುಂದಿಟ್ಟಳು. ಮೂರನೇ ಕಂಪ್ಯೂಟರ್, ಹನ್ನೆರಡು ಐದರಿಂದ ಹನ್ನೆರಡು ಇಪ್ಪತ್ತೈದು. ಹೆಸರು: ನೀಲಿಯಜ್ಜಿ. ಬಾವಿ ಓಣಿ, ಒಂಬತ್ತನೇ ಮನೆ.

“ಯಾರಿದು?”

“ಹೋಗಿ ನೋಡಿ ಮೇಡಂ. ಆ ಮನೆ ಬಾಗಿಲು ಯಾವಾಗ್ಲೂ ತೆಗೆದೇ ಇರತ್ತೆ.”

ಬಾವಿ ಓಣಿ ಐಸ್ ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು. ಹದಿನಾಲ್ಕು ಮನೆ, ಎಲ್ಲ ಮನೆಯವರದೂ ಬಟ್ಟೆ ಒಗೆಯುವ ಕಸುಬು. ಆಸ್ಪತ್ರೆಯ ಹೊದಿಕೆ, ವಸತಿಗೃಹಗಳ ಹಾಸು, ಎಲ್ಲ ಇಲ್ಲಿಗೇ ಬರುತ್ತಿತ್ತು. ಓಣಿಯ ನಡುವೆ ಒಂದೇ ಬಾವಿ. ಒಂಬತ್ತನೇ ಮನೆಯ ಮುದುಕ ಹಗ್ಗ ಎಳೆಯುತ್ತಿದ್ದ. ಕೊಡ ಮೇಲೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡ.

“ಎಷ್ಟು ಹಗ್ಗ ಬೇಕು ಅಜ್ಜ?” ಇನ್‌ಸ್ಪೆಕ್ಟರ್ ಕೇಳಿದರು.

“ಮೊದಲು ಹನ್ನೆರಡು ಮೊಳ ಸಾಕಿತ್ತಮ್ಮ. ಈಗ ಇಪ್ಪತ್ತೆರಡು. ಆ ಗೋಡೆಯಾಚೆ ಇರೋ ಒಂದು ಬೋರಿಗೇ ಹಿಂಗೆ.”

“ನೀಲಿಯಜ್ಜಿ ಇದ್ದಾರಾ?”

“ಇದಾಳೆ, ಬನ್ನಿ.”

ಒಳಗೆ ಕರೆದೊಯ್ದು ಗೋಡೆಯ ಮೇಲಿನ ಪಟ ತೋರಿಸಿದ. “ನನ್ನ ಹೆಂಡತಿ. ಹೋಗಿ ಎರಡು ವರ್ಷ ಆಯ್ತು. ಬಟ್ಟೆಗೆ ನೀಲಿ ಹಾಕಿ ಹಾಕಿ ಅವಳ ಕೈ ಸದಾ ನೀಲಿ. ಅದಕ್ಕೇ ಓಣಿಯೋರು ಹಂಗೆ ಕರೆಯೋರು.”

ದಫೇದಾರರು ಟೋಪಿ ತೆಗೆದರು. ಇನ್‌ಸ್ಪೆಕ್ಟರ್ ಕೇಳಿದರು: “ಮನೇಲಿ ಇನ್ಯಾರಿದ್ದಾರೆ?”

“ಮಗ ಲಾರಿ ಮೇಲೆ ಹೋಗಿದಾನೆ. ಸೊಸೆ ಇದಾಳಲ್ಲ. ಬಸ್ ನಿಲ್ದಾಣದ ಎದುರಿಗೆ ಕಂಪ್ಯೂಟರ್ ಅಂಗಡಿ ಇಟ್ಕೊಂಡವಳೆ.”

ಹನ್ನೆರಡೂವರೆಗೆ ಅವರು ಮತ್ತೆ ಅಂಗಡಿಗೆ ಬಂದಾಗ ಗ್ರಾಹಕರು ಯಾರೂ ಇರಲಿಲ್ಲ. ಅರ್ಜಿ ಅಕ್ಕ ಮೂರು ಕುರ್ಚಿಗಳನ್ನು ಮೂರನೇ ಕಂಪ್ಯೂಟರಿನ ಮುಂದೆ ಎಳೆದಿಟ್ಟು ಕಾಯುತ್ತಿದ್ದಳು.

“ಅರ್ಜಿ ಹಿಂಪಡೆದದ್ದು ನೀವಾ?”

“ನಾನೇ.”

“ರಿಜಿಸ್ಟರಲ್ಲಿ ಸತ್ತವರ ಹೆಸರು ಬರೆದದ್ದು?”

“ಅದೂ ನಾನೇ. ಸತ್ತವಳು ಒಪ್ಪಿಗೆ ಕೊಡಬಹುದು ಅಂದ್ರೆ, ಕೊಟ್ಟ ಒಪ್ಪಿಗೆ ಸತ್ತವಳು ವಾಪಸ್ ತಗೋಬಾರದಾ ಮೇಡಂ?”

“ಅಂದ್ರೆ?”

ಅವಳು ಪರದೆಯನ್ನು ತಿರುಗಿಸಿದಳು. ಹಿಂಪಡೆದ ಅರ್ಜಿ ಇನ್ನೂ ತೆರೆಯುತ್ತಿತ್ತು. ‘ಐನೂರು ಮೀಟರ್ ಒಳಗೆ ಬಳಕೆಯಲ್ಲಿರುವ ಬಾವಿ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ. ಲಗತ್ತು ಏಳು: ನೆರೆಹೊರೆಯವರ ಒಪ್ಪಿಗೆ ಪತ್ರ. ಕೆಳಗೆ ಹನ್ನೊಂದು ಸಹಿ. ಆರನೆಯದು ಒಂಬತ್ತನೇ ಮನೆಯ ಯಜಮಾನನದು, ಏಳನೆಯದು ನೀಲಿಯಜ್ಜಿಯದು.

“ಪಾಸ್‌ವರ್ಡ್ ಅವರು ಬದಲಾಯಿಸಲೇ ಇಲ್ಲ, ಹೋದ ತಿಂಗಳೇ ತೆರೆದು ನೋಡಿದೆ. ನಮ್ಮ ಮಾವನಿಗೆ ಹೆಬ್ಬೆಟ್ಟೇ ಗತಿ. ಇಲ್ಲಿ ನೋಡಿ, ಬಾಲ ಎಳೆದು ಎರಡು ಚುಕ್ಕಿ ಇಟ್ಟು ಸೈನ್ ಹಾಕಿದಾರೆ. ಅತ್ತೆ ಹೆಸರು ನೀಲಿಯಜ್ಜಿ ಅಲ್ಲವೇ ಅಲ್ಲ. ಯಾರಾದ್ರೂ ತಮ್ಮ ಅಡ್ಡಹೆಸರಲ್ಲಿ ಸೈನ್ ಹಾಕ್ತಾರಾ? ಓಣೀಲಿ ಯಾರನ್ನೋ ಹೆಸರು ಕೇಳ್ಕೊಂಡು ಹೋಗಿ, ಕೂತಲ್ಲೇ ಹನ್ನೊಂದು ಜನಾನ ಒಪ್ಪಿಸಿದಾರೆ.”

“ಆಕ್ಷೇಪಣೆ ಹಾಕಬೇಕಿತ್ತು.”

“ಹಾಕೋಕೆ ನೋಡಿದೆ. ಆಸ್ತಿ ಪತ್ರದ ನಂಬರ್ ಇಲ್ದೆ ಆ ಫಾರಂ ಮುಂದಕ್ಕೇ ಹೋಗಲ್ಲ. ನಮ್ಮ ಓಣಿ ಮನೆಗಳಿಗೆ ಪತ್ರವೇ ಇಲ್ಲ. ಊರಿಗೆಲ್ಲ ಅರ್ಜಿ ತುಂಬೋಳು ನಾನು, ನನ್ನ ಅರ್ಜಿ ಆ ನಂಬರಿನ ಪಕ್ಕದ ಕೆಂಪು ನಕ್ಷತ್ರದ ಹತ್ತಿರವೇ ನಿಂತುಬಿಡ್ತು. ಕಚೇರಿಗೆ ಹೋದೆ, ಎಲ್ಲ ಆನ್‌ಲೈನ್ ಅಮ್ಮ ಅಂದ್ರು.”

“ಠಾಣೆಗೆ ಬರಬೇಕಿತ್ತು.”

“ಬಂದಿದ್ದೆ.” ಅವಳು ದಫೇದಾರರ ಕಡೆ ತಿರುಗಿದಳು. “ನನ್ನ ಗುರುತು ಸಿಗಲಿಲ್ವಾ ಅಣ್ಣ? ಹೋದ ತಿಂಗಳು ಎಂಟನೇ ತಾರೀಕು. ಇದು ಸಿವಿಲ್ ವಿಷಯ, ವಕೀಲರ ಹತ್ತಿರ ಹೋಗು ಅಂದ್ರಿ. ನನ್ನ ಕಾಗದ ಓದಲೂ ಇಲ್ಲ.”

ದಫೇದಾರರು ಜೆರಾಕ್ಸ್ ಯಂತ್ರವನ್ನು ನೋಡುತ್ತ ನಿಂತರು. ಇನ್‌ಸ್ಪೆಕ್ಟರ್ ಅವರನ್ನು ನೋಡಿದರು. ಆಮೇಲೆ ಹೇಳಿದರು: “ಪಂಚರನ್ನ ಕರೆಯಿರಿ.”

ಪಕ್ಕದ ಕನ್ನಡಕದ ಅಂಗಡಿಯವರು ಮತ್ತು ಮೇಲಿನ ಮಹಡಿಯ ಟೈಲರ್ ಸಾಕ್ಷಿಗಳಾಗಿ ಬಂದರು. ಒಂದು ಗಂಟೆ ಹತ್ತಕ್ಕೆ ಪಂಚನಾಮೆ ಶುರುವಾಯಿತು. ಕಂಪ್ಯೂಟರ್ ಒಂದು, ರಿಜಿಸ್ಟರ್ ಒಂದು ಎಂದು ಬರೆದ ದಫೇದಾರರು, “ಅರ್ಜಿಯ ಮೊದಲ ಪುಟ ಒಂದು ಸಾಕಲ್ವಾ?” ಎಂದರು.

“ಸಾಲದು,” ಎಂದಳು ಅರ್ಜಿ ಅಕ್ಕ. “ಇಪ್ಪತ್ತಮೂರು ಪುಟಾನೂ ಬರೀಬೇಕು. ಒಂದೊಂದರ ಮೇಲೂ ಪಂಚರ ಸಹಿ ಬೇಕು. ಅದಕ್ಕೇ ತಾನೇ ನಾನಿದನ್ನ ಮಾಡಿದ್ದು?”

“ಯಾವುದಕ್ಕೆ?” ಇನ್‌ಸ್ಪೆಕ್ಟರ್ ಕೇಳಿದರು.

“ದೂರು ಕೊಡೋಳಾಗಿ ಬಂದಾಗ ನನ್ನ ಕಾಗದಕ್ಕೆ ಬೆಲೆ ಇರಲಿಲ್ಲ ಮೇಡಂ. ಆರೋಪಿ ಆದ್ರೆ ಅದೇ ಕಾಗದ ಸಾಕ್ಷ್ಯ ಆಗತ್ತೆ, ಸೀಲ್ ಬೀಳತ್ತೆ, ನ್ಯಾಯಾಧೀಶರ ಮೇಜಿಗೆ ಹೋಗತ್ತೆ. ಅಲ್ಲಿ ಅದನ್ನ ಓದದೆ ಪಕ್ಕಕ್ಕೆ ಇಡೋ ಹಾಗಿಲ್ಲ.”

ಟೈಲರ್ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡ. ಕನ್ನಡಕದ ಅಂಗಡಿಯವರು ಪೆನ್ನಿನ ಮುಚ್ಚಳ ತೆಗೆದು ಮೊದಲ ಪುಟ ಎಳೆದುಕೊಂಡರು.

“ಇದಕ್ಕೆ ಶಿಕ್ಷೆ ಇದೆ, ಗೊತ್ತಾ?”

“ಗೊತ್ತು. ಕಾಯ್ದೆ ಓದಿದೀನಿ. ತಪ್ಪಾಯ್ತು ಅಂತ ಮಾತ್ರ ನನ್ನ ಬಾಯಿಂದ ಬರಲ್ಲ.”

ಎರಡು ಮುಕ್ಕಾಲಿಗೆ, ಹದಿನೆಂಟನೇ ಪುಟ ನಡೆಯುತ್ತಿದ್ದಾಗ, ಇನ್‌ಸ್ಪೆಕ್ಟರಿಗೆ ಮೇಲಧಿಕಾರಿಯ ಫೋನು ಬಂತು. ಮ್ಯಾನೇಜರು ಅವರ ಕೋಣೆಯಲ್ಲೇ ಕೂತಿದ್ದರೆಂದು ಕಾಣುತ್ತದೆ. ಆರೋಪಿ ಸಿಕ್ಕಳಲ್ಲ, ಲಗತ್ತುಗಳ ಗೋಜಲು ಯಾಕೆ ಎಂದು ಪ್ರಶ್ನೆ.

“ಪಂಚನಾಮೆ ನಡೀತಾ ಇದೆ ಸಾರ್. ಇನ್ನು ಐದೇ ಪುಟ,” ಎಂದು ಇನ್‌ಸ್ಪೆಕ್ಟರ್ ಫೋನಿಟ್ಟರು. ದಫೇದಾರರು ಕೇಳದೆಯೇ ಹತ್ತೊಂಬತ್ತನೇ ಪುಟ ತೆಗೆದುಕೊಂಡರು.

ಸಂಜೆ ನಾಲ್ಕು ಮೂವತ್ತೈದಕ್ಕೆ ಅರ್ಜಿ ಅಕ್ಕನ ಬಂಧನವಾಯಿತು. ಬಂಧನದ ಪತ್ರವನ್ನು ಓದಿ ಅವಳು ಒಂದು ಕಾಗುಣಿತದ ತಪ್ಪು ತಿದ್ದಿಸಿದಳು. ಅಂಗಡಿಯ ಬಾಗಿಲೆಳೆಯುವಾಗ ಎದುರಿನ ನಿಲ್ದಾಣದಿಂದ ಒಬ್ಬ ಹೆಂಗಸು ಫಾರಂ ಹಿಡಿದು ಓಡಿಬಂದಳು. “ನಾಳಿದ್ದು ಬಾ ಅಕ್ಕ, ಅಷ್ಟೊತ್ತಿಗೆ ಜಾಮೀನು ಆಗಿರತ್ತೆ,” ಎಂದು ಹೇಳಿ ಅರ್ಜಿ ಅಕ್ಕ ತಲೆಯೆತ್ತಿಕೊಂಡೇ ಜೀಪು ಹತ್ತಿದಳು.

ಅವಳಿಗಿಂತ ಮುಂಚೆ ಅವಳ ಮಾವ ಠಾಣೆ ತಲುಪಿದ್ದ. ಮುದುಕ ಕೂರಲೂ ಒಪ್ಪಲಿಲ್ಲ. “ನನ್ನ ಸೈನ್ ಹಾಕಿದೋರು ಯಾರು ಅಂತ ನಂಗೆ ಬೇಕು,” ಎಂದ. ಈ ಸಲ ದಫೇದಾರರು ತಾವೇ ಕಾಗದ ತೆಗೆದು ದೂರು ಬರೆದುಕೊಂಡು, ಓದಿ ಹೇಳಿ, ಶಾಯಿ ಹಚ್ಚಿದ ಅವನ ಹೆಬ್ಬೆರಳನ್ನು ಒತ್ತಿಸಿದರು. ಅಪರಾಧ ಸಂಖ್ಯೆ 121. ಸುಳ್ಳು ದಾಖಲೆ ಸೃಷ್ಟಿ. ಶುಕ್ರವಾರ ಅರ್ಜಿ ಅಕ್ಕನಿಗೆ ಜಾಮೀನು ಸಿಕ್ಕಿತು. ಮುಂದಿನ ಮಂಗಳವಾರ, ಹನ್ನೊಂದು ಸಹಿಗಳೂ ಒಂದೇ ಕೈಯವು ಎಂದು ಬರಹ ಪರೀಕ್ಷಕರ ವರದಿ ಬಂದ ಮೇಲೆ, ಅರ್ಜಿ ತಾವೇ ತುಂಬಿದ್ದೆಂದು ಹೇಳಿದ್ದ ಮ್ಯಾನೇಜರನ್ನು ಕಾರ್ಖಾನೆಯ ಗೇಟಿನಲ್ಲೇ ಬಂಧಿಸಲಾಯಿತು. ಅಂತರ್ಜಲ ಕಚೇರಿ ಆ ಜಾಗದ ಕಡತವನ್ನು ತಡೆಹಿಡಿಯಿತು. ಅರ್ಜಿ ಅಕ್ಕನ ಮೇಲಿನ ಪ್ರಕರಣ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಕೈಬಿಡಿ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಬಂಧನದ ಸಂಜೆ ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದ್ದರು: “ನೀರಿಗೋಸ್ಕರ ಮಾಡಿದ್ದು ಅಂತ ಬರೀಲಾ?”

“ಬರೀರಿ. ಅದು ನಿಜವೇ,” ಎಂದಳು ಅವಳು. ಆಮೇಲೆ, ಆ ದಿನ ಮೊದಲ ಸಲ ದನಿ ತಗ್ಗಿಸಿದಳು.

“ಅತ್ತೆ ಕೊನೇ ವರ್ಷ ನನ್ನ ಹತ್ತಿರ ಸೈನ್ ಕಲೀತಿದ್ರು ಮೇಡಂ. ಒಗೆಯೋ ಕಲ್ಲಿನ ಮೇಲೆ ಒದ್ದೆ ಬೆರಳಲ್ಲಿ ಹೆಸರು ಬರೆಯೋರು. ಕೊನೇ ಅಕ್ಷರಕ್ಕೆ ಬರೋ ಹೊತ್ತಿಗೆ ಮೊದಲನೇದು ಆರಿಹೋಗೋದು. ಪೂರ್ತಿ ಬಂದ ಮೇಲೇ ಕಾಗದದ ಮೇಲೆ ಹಾಕ್ತೀನಿ ಅಂತಿದ್ರು. ಬದುಕಿರೋವರೆಗೆ ಒಂದು ಕಾಗದಕ್ಕೂ ಹಾಕಲಿಲ್ಲ. ಅವರ ಮೊದಲನೇ ಸೈನನ್ನ ಈ ಜನ ಹಾಕಿಬಿಟ್ರು.”

ಇನ್‌ಸ್ಪೆಕ್ಟರ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಅರ್ಜಿ ಅಕ್ಕ ಹೇಳಿಕೆಯನ್ನು ಪೂರ್ತಿ ಓದಿ, ಪ್ರತಿ ಪುಟದ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದಳು.