ಮೀನು ಬಿಟ್ಟ ಐದು ವರ್ಷ

ಸಂಗಮೇಶನನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಮೀನಿನ ಸಾರಿನ ಡಬ್ಬಿ ತೆಗೆಯುವಾಗ. ಜೆ.ಪಿ. ನಗರದ ಒಂದು ಬ್ಲಡ್ ಟೆಸ್ಟ್ ಲ್ಯಾಬಿನಲ್ಲಿ ನಾನು ರಿಸೆಪ್ಷನಿಸ್ಟ್. ಅವನು ಬಾಗಲಕೋಟೆ ಕಡೆಯವನು, ಅವತ್ತೇ ಟೆಕ್ನಿಷಿಯನ್ ಆಗಿ ಸೇರಿದ್ದ. ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆದೆ. ಅಮ್ಮ ಮಾಡಿದ, ಜಿಲೇಬಿ ಅನ್ನುವ ಕೆರೆಮೀನಿನ ಸಾರು, ಹುಣಿಸೆಹುಳಿ ಬೆಳ್ಳುಳ್ಳಿಯ ಸಮೇತ ಆ ಪುಟ್ಟ ರೂಮನ್ನೆಲ್ಲ ತುಂಬಿಕೊಂಡಿತು. ಪಕ್ಕದಲ್ಲಿದ್ದ ಇಬ್ಬರು ಎಂದಿನಂತೆ ಫೋನ್ ಬಂದವರ ಹಾಗೆ ಎದ್ದು ಹೋದರು.

ಇವನು ಏಳಲಿಲ್ಲ. ಕಣ್ಣಲ್ಲಿ ನೀರು, ಮೂಗಿನ ತುದಿ ಕೆಂಪು. ಆದರೂ ರೊಟ್ಟಿ ಮುರಿಯುತ್ತ ಕುಳಿತೇ ಇದ್ದ. ನನ್ನನ್ನು ನೋಡುವುದು, ನಾನು ನೋಡಿದರೆ ಗೋಡೆಯ ಕ್ಯಾಲೆಂಡರ್ ನೋಡುವುದು, ಮತ್ತೆ ನನ್ನನ್ನು ನೋಡುವುದು.

"ವಾಸನೆ ಆಗಲ್ವಾ ನಿಮಗೆ?" ಅಂದೆ.

"ಆಗ್ತೈತ್ರಿ," ಅಂದ. "ಆದ್ರ ನಾನೂ ಎದ್ರ ನೀವೊಬ್ರ ಕುಂತು ಉಣ್ಣಬೇಕಲ್ಲ."

ಅಷ್ಟಕ್ಕೇ ಬಿದ್ದೆ ನೋಡಿ. ಹೂವು ಕೊಡಲಿಲ್ಲ, ಹಾಡು ಹೇಳಲಿಲ್ಲ, ಬರೀ ಎದ್ದು ಹೋಗದೆ ಕುಳಿತ ಒಬ್ಬ ಗಂಡಸು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಆಸೆ ಅಷ್ಟು ಚಿಕ್ಕದಾಗಿರಬಾರದಿತ್ತು.

ಮುಚ್ಚುಮರೆ ನಾನು ಮಾಡಲಿಲ್ಲ. ಮೊದಲ ತಿಂಗಳೇ ಎಲ್ಲ ಹೇಳಿದೆ. ನಮ್ಮದು ಹಳೇ ಸಾರಕ್ಕಿ, ಸಿಟಿ ಬಂದು ಊರನ್ನು ನುಂಗುವ ಮೊದಲಿನಿಂದ ಅಲ್ಲೇ ಇರುವವರು. ತಾತನ ಕಾಲದಲ್ಲಿ ಊರಾಚೆಯ ಕೇರಿ ನಮ್ಮದು. ಅಪ್ಪ ಮದುವೆಗೆ ಮೊದಲೇ ಬೌದ್ಧರಾದರು, ನನಗೆ ಮೈತ್ರಿ ಅಂತ ಹೆಸರಿಟ್ಟರು. ಸಂಗಮೇಶ ಲಿಂಗಾಯತರ ಹುಡುಗ. ಎಲ್ಲ ಕೇಳಿ, ಅದರಲ್ಲಿ ತನಗೇನು ಅಂದ. ಆಮೇಲೆ ಸಾರಕ್ಕಿ ಕೆರೆಯ ಸುತ್ತ ನಾವು ನಡೆದ ಸಂಜೆಗಳಿಗೆ ಲೆಕ್ಕವಿಲ್ಲ. ನಡೆಯುವಾಗ ಅವನ ಕಿರುಬೆರಳು ನನ್ನ ಕಿರುಬೆರಳಿಗೆ ತಾಗುತ್ತಿತ್ತು. ಎದುರಿಗೆ ವಾಕಿಂಗ್ ಅಂಕಲ್ ಒಬ್ಬರು ಬಂದರೆ ಸಾಕು, ಬೆರಳು ತೆಗೆದು ಕಿವಿ ಕೆರೆದುಕೊಳ್ಳುತ್ತಿದ್ದ. ಅವನ ಕಿವಿಗೆ ಅಷ್ಟು ತುರಿಕೆ ಯಾಕೆ ಅಂತ ರೇಗಿಸುತ್ತಿದ್ದೆ. ನಗುತ್ತಿದ್ದ. ಚೆಂದ ನಗುತ್ತಿದ್ದ, ಹಾಳಾದವನು.

ಮೀನಿನ ಮಾತು ಬಂದದ್ದೂ ಆ ಕೆರೆ ದಂಡೆಯಲ್ಲೇ. ಅವನ ಅವ್ವ ಲಕ್ಕವ್ವನಿಗೆ ಮೊಟ್ಟೆಯ ವಾಸನೆ ಕೂಡ ಆಗುವುದಿಲ್ಲವಂತೆ. ನನ್ನ ಕೈ ಹಿಡಿದು ಹೇಳಿದ:

"ನೀ ಇದೊಂದು ಬಿಡು ಮೈತ್ರಿ. ಉಳಿದದ್ದೆಲ್ಲ ನಾ ನೋಡ್ಕೋತೀನಿ."

ಬಿಟ್ಟೆ. ಮೊದಲು ಮಾಂಸ ಹೋಯಿತು, ಆಮೇಲೆ ಮೊಟ್ಟೆ. ಮೀನು ಕೊನೆಗೆ ಹೋಯಿತು, ಪ್ರಾಣ ಹಿಂಡಿ ಹೋಯಿತು. ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಮೀನು. ಅಪ್ಪ ಮಾರಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ರಿಟೈರಾದರೂ ಮಾರ್ಕೆಟ್ಟಿಗೆ ತಾವೇ ಹೋಗಿ ಕಿವಿರು ಎತ್ತಿ ನೋಡಿ ತರುತ್ತಿದ್ದರು. ಬಾಲದ ತುಂಡು ನನಗೆ ಅಂತ ಮೊದಲಿನಿಂದ ಗೊತ್ತುಪಡಿಸಿದ್ದಾಗಿತ್ತು. ನಾನು ಬಿಟ್ಟ ಮೇಲೂ ಅಮ್ಮ ಎಷ್ಟೋ ವಾರ ಆ ತುಂಡು ಎತ್ತಿಟ್ಟು, ಸಂಜೆಗೆ ತಾನೇ ತಿನ್ನುತ್ತಿದ್ದಳು.

ಬಿಟ್ಟಿದ್ದು ಸಾಲಲಿಲ್ಲ ನನಗೆ. ಹೊಸದಾಗಿ ಬಿಟ್ಟವರ ಮಡಿ ಯಾವಾಗಲೂ ಒಂದು ಕೈ ಹೆಚ್ಚು. ಒಂದು ದಿನ ಅಮ್ಮನ ಹತ್ತಿರ ಜಗಳ ತೆಗೆದೆ. ಮೀನು ಬೆಂದ ಪಾತ್ರೆಯಲ್ಲಿ ನನ್ನ ಸಾರು ಬೇಡ, ನನಗೆ ಬೇರೆ ಪಾತ್ರೆ, ಬೇರೆ ತಟ್ಟೆ, ಬೇರೆ ಲೋಟ ಬೇಕು ಅಂದೆ. ಅಮ್ಮ ಪಾರ್ವತಮ್ಮ ಬಾಯಿ ಮಾಡುವ ಹೆಂಗಸು, ಅವತ್ತು ಮಾತ್ರ ಅಪ್ಪನ ಮುಖ ನೋಡಿದಳು. ಅಪ್ಪ ಪೇಪರ್ ಮಡಿಸಿಟ್ಟರು.

"ಕೊಡೇ ಅವಳಿಗೆ," ಅಂದರು. "ಚಿಕ್ಕೋನಿದ್ದಾಗ ಟೀ ಅಂಗಡೀಲಿ ನಂಗೂ ಬೇರೆ ಲೋಟಾನೇ ಇಡ್ತಿದ್ರು. ಬೇರೆ ಲೋಟ ನಂಗೇನು ಹೊಸದಲ್ಲ ಬಿಡು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಪ್ರೀತಿಯ ಹುಚ್ಚು ನೋಡಿ, ಮಾರನೇ ದಿನ ಹೋಗಿ ಹೊಸ ಪಾತ್ರೆ ತಂದೆ.

ಹೀಗೆ ಐದು ವರ್ಷ. ಅವನ ತಂಗಿಯ ಮದುವೆ ಆಗಲಿ ಅಂದ, ಆಯಿತು. ಊರ ಮನೆಗೆ ತಾರಸಿ ಆಗಲಿ ಅಂದ, ಅದೂ ಆಯಿತು. ಕೇಳಿದರೆ ಅವ್ವನಿಗೆ ನನ್ನ ಫೋಟೊ ತೋರಿಸಿದ್ದೀನಿ, ಅವಳು ಒಪ್ಪಿದ್ದಾಳೆ ಅನ್ನುತ್ತಿದ್ದ. ನಾನು ಕುಣಿದಾಡುತ್ತಿದ್ದೆ. ಹೇಗೆ ಒಪ್ಪಿದರು ಅಂತ ಒಂದು ದಿನವಾದರೂ ಕೇಳಬೇಡವೇ. ನನ್ನ ಬೇಳೆಸಾರಿನ ತಪಸ್ಸಿಗೆ ಒಲಿದರು ಅಂದುಕೊಂಡೆ.

ಈ ವರ್ಷ ನನಗೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಉಬ್ಬಸ, ಪಾದದಲ್ಲಿ ಜುಮುಜುಮು. ನಮ್ಮದೇ ಲ್ಯಾಬು, ರಕ್ತ ತೆಗೆದವನೂ ಸಂಗಮೇಶನೇ. ವಿಟಮಿನ್ ಬಿ ಟ್ವೆಲ್ವ್ ಪಾತಾಳಕ್ಕೆ ಇಳಿದಿತ್ತು. ರಿಪೋರ್ಟ್ ನೋಡಿದ ಡಾಕ್ಟರ್ ವಿಜಯಲಕ್ಷ್ಮಿ ಮೇಡಂ ಇಂಜೆಕ್ಷನ್ ಬರೆದುಕೊಟ್ಟರು. ಮೊದಲು ಮೀನು ತಿನ್ನುತ್ತಿದ್ದೆ ಅಂತ ತಿಳಿದು, ಹಾಗಾದರೆ ಮೀನು ಮೊಟ್ಟೆ ಮತ್ತೆ ಶುರು ಮಾಡಿ, ಸೂಜಿಯಲ್ಲೇ ಎಷ್ಟು ದಿನ ಬದುಕುತ್ತೀರಿ ಅಂದರು.

ಸಂಗಮೇಶನಿಗೆ ಹೇಳಿದೆ. ಮೀನು ಯಾಕೆ, ನಾನಿಲ್ಲವೇ ಅಂದ. ಪ್ರತಿ ಶನಿವಾರ ಡ್ಯೂಟಿ ಮುಗಿದ ಮೇಲೆ ಅವನೇ ಇಂಜೆಕ್ಷನ್ ಕೊಡುತ್ತಿದ್ದ. ತೋಳಿಗೆ ಸ್ಪಿರಿಟ್ ಒರೆಸಿ, ಉಸಿರು ಊದಿ, ನನ್ನ ಗಮನ ಬೇರೆಡೆ ಎಳೆಯಲು ಏನಾದರೂ ತರಲೆ ಕೇಳಿ, ನಾನು ಬೈಯುವಷ್ಟರಲ್ಲಿ ಚುಚ್ಚಿ ಮುಗಿಸುತ್ತಿದ್ದ. ಚುಚ್ಚಿದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿದೇ ಇರುತ್ತಿದ್ದ. ಸುಳ್ಳು ಯಾಕೆ, ಶನಿವಾರಕ್ಕಾಗಿ ನಾನು ಕಾಯುತ್ತಿದ್ದೆ. ನಾನು ಮೀನು ತಿನ್ನದಿರಲಿ ಅಂತ ಒಬ್ಬ ವಾರವಾರ ಸೂಜಿ ಚುಚ್ಚುವುದು, ಅದಕ್ಕೆ ನಾನು ನಾಚಿ ನೀರಾಗುವುದು. ಇಂಥ ಪ್ರೇಮ ಎಲ್ಲಾದರೂ ಉಂಟೇ.

ಹೋದ ತಿಂಗಳು ಅಂಥದ್ದೇ ಒಂದು ಶನಿವಾರ. ಹತ್ತಿ ಒತ್ತಿ ಹಿಡಿದುಕೊಂಡೇ, ನಾಳೆ ಬಿಟ್ಟು ಮುಂದಿನ ಭಾನುವಾರ ಅವ್ವ ನಿಮ್ಮ ಮನೆ ನೋಡಲು ಬರುತ್ತಾಳೆ ಅಂದ. ಸಣ್ಣ ಒಂದು ಕೆಲಸ ಇದೆ ಅಂತ ಮೆಲ್ಲಗೆ ಸೇರಿಸಿದ. ಒಂದು ವಾರ ಮನೆಯಲ್ಲಿ ಮೀನು ಬೇಯಿಸಬಾರದು. ಹಾಲ್‌ನಲ್ಲಿರುವ ಬುದ್ಧನ ಫೋಟೊ, ಅದರ ಪಕ್ಕದ ಬಾಬಾಸಾಹೇಬರ ಫೋಟೊ ಒಂದು ದಿನದ ಮಟ್ಟಿಗೆ ಒಳಗಿಡಬೇಕು. ಅಪ್ಪ ಜಾಸ್ತಿ ಮಾತಾಡದಿದ್ದರೆ ಒಳ್ಳೆಯದು.

ಅವ್ವನಿಗೆ ನನ್ನ ಬಗ್ಗೆ ಏನಂತ ಹೇಳಿದ್ದೀಯ ಅಂತ ಕೇಳಿದೆ. ಐದು ವರ್ಷ ತಡವಾಗಿ ಕೇಳಿದೆ.

"ನಮ್ಮವ್ರ ಅಂತ ಹೇಳೀನಿ," ಅಂದ. "ತುಮಕೂರು ಕಡೆ ಲಿಂಗಾಯತರು ಅಂತ."

"ಯಾವಾಗ ಹೇಳಿದ್ದು?"

"ನೀ ಮೀನು ಬಿಟ್ಟ ವರ್ಷನ. ಇಲ್ಲಾಂದ್ರ ಯಾರು ನಂಬ್ತಾರ ಮೈತ್ರಿ?"

ತೋಳಿನ ಮೇಲೆ ಅವನ ಹೆಬ್ಬೆರಳು ಇನ್ನೂ ಇತ್ತು. ಕೈ ಕಿತ್ತುಕೊಂಡೆ. ನಾನು ಮೀನು ಬಿಟ್ಟದ್ದು ಅವನ ಅವ್ವ ನನ್ನನ್ನು ಒಪ್ಪಲಿ ಅಂತ. ಅವನು ಬಿಡಿಸಿದ್ದು ನಾನು ಯಾರೆಂದು ಅವ್ವನಿಗೆ ಗೊತ್ತಾಗದಿರಲಿ ಅಂತ. ಲಕ್ಕವ್ವ ಒಪ್ಪಿದ್ದು ಯಾವುದೋ ತುಮಕೂರಿನ ಹುಡುಗಿಯನ್ನು, ನನ್ನನ್ನಲ್ಲ. ಐದು ವರ್ಷ ನೀರಿನಲ್ಲಿ ಹೋಮ ಮಾಡಿದ್ದೆ.

ಬೈಯಲಿಲ್ಲ. ನಾಳೆ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಾ ಅಂದೆ ಅಷ್ಟೇ. ಕೋಪ ತಣ್ಣಗಾಯಿತು ಅಂದುಕೊಂಡನೋ ಏನೋ, ಖುಷಿಯಿಂದ ತಲೆ ಆಡಿಸಿದ.

ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ನಾನೂ ಮಾರ್ಕೆಟ್ಟಿಗೆ ಹೊರಟೆ. ಅಪ್ಪ ಬ್ಯಾಗು ನನ್ನ ಕೈಗೆ ಕೊಟ್ಟರು. ಕಟ್ಲಾ ಮೀನನ್ನು ನಾನೇ ಆರಿಸಿದೆ. ಕತ್ತರಿಸುವ ಅಕ್ಕ ತಲೆ ಬೇಕೇ ಅಂದಳು. ಬೇಕು ಅಂದೆ. ಮನೆಗೆ ಬಂದು, ಅವತ್ತು ನನಗೆಂದೇ ತಂದಿದ್ದ ಬೇರೆ ಪಾತ್ರೆಯನ್ನು ಒಲೆಯ ಮೇಲಿಟ್ಟು, ಮೀನು ಇದರಲ್ಲೇ ಮಾಡು ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಈರುಳ್ಳಿ ಖಾರ ಅಂದಳು. ಈರುಳ್ಳಿಯನ್ನು ಇನ್ನೂ ಹೆಚ್ಚಿಯೇ ಇರಲಿಲ್ಲ.

ಸಂಗಮೇಶ ಬಂದಾಗ ಒಂದೂವರೆ. ಬಾಗಿಲಲ್ಲೇ ವಾಸನೆ ತಿಳಿಯಿತು, ಆದರೂ ಒಳಗೆ ಬಂದ. ಅಪ್ಪನಿಗೆ ನಮಸ್ಕಾರ ಅಂದ, ಫೋಟೊಗಳ ಕೆಳಗೆ ಕುಳಿತ. ಅವನ ತಟ್ಟೆಗೆ ಅಮ್ಮ ಅನ್ನ, ಹುರುಳಿಕಾಯಿ ಪಲ್ಯ ಬಡಿಸಿದಳು. ನನ್ನ ತಟ್ಟೆಗೆ ಮುದ್ದೆ, ಮೀನು. ಅವನ ಎದುರಿಗೇ ಕುಳಿತು ಮೊದಲ ತುತ್ತು ಬಾಯಿಗಿಟ್ಟೆ.

ರುಚಿ ನೆನಪಿತ್ತು. ಆದರೆ ನಾಲಿಗೆಗೆ ಮುಳ್ಳು ಆರಿಸುವುದು ಮರೆತುಹೋಗಿತ್ತು. ಮೂರು ವರ್ಷದ ಕೂಸಿದ್ದಾಗ ಕಲಿತ ಕೆಲಸ, ಮೂವತ್ತರ ಹತ್ತಿರ ಬಂದು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದೆ. ಅಪ್ಪ ಬೆನ್ನು ತಟ್ಟಿ, ಮುದ್ದೆ ಮುರಿದು ಸಾರಿಗದ್ದಿ ದಪ್ಪ ತುತ್ತೊಂದು ಬಾಯಿಗಿಟ್ಟು, ಅಗಿಯಬೇಡ ನುಂಗು ಅಂದರು. ಮುಳ್ಳು ಇಳಿಯಿತು. ಕಣ್ಣೀರು ನಿಲ್ಲಲಿಲ್ಲ. ಅಮ್ಮ ಪಕ್ಕದಲ್ಲಿ ಕುಳಿತು ಮುಳ್ಳು ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕತೊಡಗಿದಳು.

ಸಂಗಮೇಶ ನೋಡುತ್ತಲೇ ಇದ್ದ. ಇದ್ದಕ್ಕಿದ್ದಂತೆ ತಟ್ಟೆ ಮುಂದೆ ಸರಿಸಿ, "ನಂಗೂ ಹಾಕ್ರಿ ಅಮ್ಮ," ಅಂದ.

ಅಮ್ಮ ಬೇಡಪ್ಪ ಅಂದಳು, ಅಪ್ಪನೂ ಬೇಡ ಅಂದರು. ಅವನು ಕೇಳಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಮೀನು ಬಾಯಿಗಿಟ್ಟ. ಹಣೆಯಲ್ಲಿ ಬೆವರೊಡೆಯಿತು, ಕಣ್ಣು ಮುಚ್ಚಿದ, ನುಂಗಿದ. ಇನ್ನೊಂದು ತುತ್ತು ನುಂಗಿದ. ನನಗಾಗಿ ನುಂಗುತ್ತಿದ್ದ ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆ ಗಳಿಗೆಯಲ್ಲಿ ಅವನನ್ನು ಎಷ್ಟು ಪ್ರೀತಿಸಿದೆ ಅಂದರೆ, ಫೋಟೊ ಒಳಗಿಡುವುದೇನು ಮಹಾ ಅಂತ ಕೂಡ ಒಂದು ಯೋಚನೆ ಸುಳಿದು ಹೋಯಿತು. ಅಪ್ಪನ ಕಡೆ ನೋಡಿದೆ, ಯೋಚನೆ ಸತ್ತಿತು.

"ಇಲ್ಲಿ ತಿಂದೆ," ಅಂದೆ. "ಈಗ ನಿಮ್ಮವ್ವನಿಗೆ ಫೋನ್ ಮಾಡಿ ಹೇಳು. ಸಾರಕ್ಕಿ ಮಾರಯ್ಯನವರ ಮನೇಲಿ ಊಟ ಮಾಡ್ದೆ ಅಂತ. ಮಾರಯ್ಯನವರು ಯಾರು ಅಂತಾನೂ ಹೇಳು. ಅವರು ಬೇಡ ಅಂದ್ರೂ ಪರವಾಗಿಲ್ಲ, ನಾನು ಕಾಯ್ತೀನಿ. ಇನ್ನೂ ಐದು ವರ್ಷ ಬೇಕಾದ್ರೂ ಕಾಯ್ತೀನಿ. ಹೇಳು ಸಾಕು."

ಅವನು ಎದ್ದು ಕೈ ತೊಳೆದ. ಸೋಪು ಹಾಕಿ ಎರಡು ಸಲ ತೊಳೆದ. ಬಂದು ಕುಳಿತು ಫೋನ್ ಮಾಡಿ, ನಾನು ಕೇಳದಿದ್ದರೂ ಸ್ಪೀಕರಿಗೆ ಹಾಕಿದ. ಹೇಳಬೇಕು ಅಂತಲೇ ಹಾಕಿದ್ದ, ಅಷ್ಟು ನಾನು ಬಲ್ಲೆ.

ಆ ಕಡೆಯಿಂದ ಲಕ್ಕವ್ವನ ದನಿ. ತೆಳ್ಳನೆಯ, ಅಕ್ಕರೆಯ ದನಿ. ಊಟ ಆಯಿತೇ ಅಂತ ಕೇಳಿದರು. ಆತವ್ವ ಅಂದ. ಆ ಹುಡುಗಿ ಹೇಗಿದ್ದಾಳೆ, ಫೋಟೊದಲ್ಲಿ ಬಡವಾಗಿ ಕಾಣುತ್ತಾಳೆ, ಚೆನ್ನಾಗಿ ತಿನ್ನಲು ಹೇಳು ಅಂದರು. ನನ್ನ ಕರುಳು ಚುರುಕ್ ಅಂದಿತು. ಇಂಥ ಹೆಂಗಸಿಗೆ ನಿಜ ಹೇಳಬಹುದಿತ್ತು. ಒಪ್ಪುತ್ತಿದ್ದರೋ ಇಲ್ಲವೋ, ಹೇಳಬಹುದಿತ್ತು.

"ಎಲ್ಲಿ ಉಂಡಿ? ಏನು ಊಟ?" ಅಂದರು.

ಸಂಗಮೇಶ ನನ್ನನ್ನು ನೋಡಿದ. ಅಪ್ಪನನ್ನು ನೋಡಿದ.

"ಖಾನಾವಳಿಯಾಗ ಅವ್ವ," ಅಂದ. "ರೊಟ್ಟಿ, ಬದ್ನಿಕಾಯಿ ಪಲ್ಲೆ."

ಫೋನ್ ಇಟ್ಟ. ಅವ್ವನನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ, ಇಂಥದ್ದು ಫೋನಿನಲ್ಲಿ ಹೇಗೆ ಹೇಳುವುದು ಅಂತ ಅವನು ಏನೇನೋ ಶುರು ಮಾಡಿದ. ಅವನ ಕಣ್ಣು ತುಂಬಿತ್ತು. ನನ್ನದೂ.

"ನೀನು ಒಳ್ಳೇವನು ಸಂಗಮೇಶ," ಅಂದೆ. "ನನ್ನ ಮುಂದೆ ಮೀನು ತಿನ್ನೋಷ್ಟು ಒಳ್ಳೇವನು. ಅಷ್ಟು ಸಾಲಲ್ಲ ನಂಗೆ."

ಬಾಗಿಲವರೆಗೂ ಹೋದೆ. ಅವನು ಚಪ್ಪಲಿ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡ. ಆಮೇಲೆ ತಲೆಯೆತ್ತಿ, ಬರ್ಲಾ ಅಂತ ಕೇಳಿದ.

"ಹೋಗು," ಅಂದೆ.

ನಮ್ಮಲ್ಲಿ ಶತ್ರುವಿಗೂ ಯಾರೂ ಹಾಗೆ ಹೇಳಿ ಕಳಿಸುವುದಿಲ್ಲ. ಒಳಗಿನಿಂದ ಅಪ್ಪ, ಹೋಗಿ ಬಾ ಅನ್ನಮ್ಮ ಅಂದರು. ನಾನು ಅನ್ನಲಿಲ್ಲ. ಅವನು ಮೆಟ್ಟಿಲಿಳಿದು ಬೀದಿ ತಿರುವು ದಾಟುವವರೆಗೂ ನಿಂತಿದ್ದು, ಒಳಗೆ ಬಂದು ಆರಿದ ತಟ್ಟೆಯ ಮುಂದೆ ಕುಳಿತೆ. ಅಮ್ಮ ಸಾರು ಬಿಸಿ ಮಾಡಲು ಎದ್ದಳು, ಬೇಡ ಅಂದೆ. ಮುಳ್ಳು ಬಿಡಿಸಲು ಕೈ ಹಾಕಿದಳು, ಅದನ್ನೂ ಬೇಡ ಅಂದೆ. ಅಳುತ್ತ, ಒಂದೊಂದೇ ಮುಳ್ಳು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟು, ಪೂರ್ತಿ ತುಂಡು ನಾನೇ ತಿಂದು ಮುಗಿಸಿದೆ.