ಮೊಣಕಾಲು ನೋವು ಎಂದೆ

"ಎಪ್ಪತ್ತೆಂಟು ವರ್ಷದ ತಾತ ಯಾರಾಗ್ತೀರಾ?" ಎಂದು ನಾಗರಾಜನ್ ಸರ್ ಕೇಳಿದ್ದೇ ತಡ, ಇಡೀ ಕ್ಲಾಸು ತಿಮ್ಮಪ್ಪ ಅವರ ಕಡೆ ತಿರುಗಿ ನಕ್ಕಿತು.

"ಎಸರೇ ತಾತಂದು ಇಟ್ಟವ್ರಲ್ಲ, ಇನ್ನೇನ್ ಮಾಡಾನ?" ಎಂದು ನನಗೆ ಮಾತ್ರ ಕೇಳುವಂತೆ ಗೊಣಗಿ ಅವರು ಎದ್ದರು. ನಾನು ನಗು ತಡೆಯಲು ತಲೆ ತಗ್ಗಿಸಿದೆ.

"ನೀವು ನಗಬ್ಯಾಡ್ರಿ. ಕೌನ್ಸೆಲರ್ ಪಾತ್ರ ನಿಮ್ದೇ" ಎಂದರು.

ಸೇಲಂನ ಕಾಲೇಜಿನಲ್ಲಿ ನಮಗದು ಎಂ.ಎ. ಎರಡನೇ ವರ್ಷ, ತೊಂಬತ್ತೇಳನೇ ಇಸವಿ. ಕೌನ್ಸೆಲಿಂಗ್ ಮತ್ತು ಜೆರಂಟಾಲಜಿ. ವಯಸ್ಸಾದವರ ಮಾತಿಗೆ ಕಿವಿಗೊಡುವುದನ್ನು ಕಲಿಯುವ ಓದು. ಹದಿನೆಂಟು ಜನರಲ್ಲಿ ಕನ್ನಡ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಸುಪ್ರಜಾ, ಸೇಲಂ ಪೇಟೆಯ ಗುಮಾಸ್ತರ ಮಗಳು. ಅವರು ಪೆನ್ನಾಗರಂ ಹತ್ತಿರದ ರಾಗಿ ಹೊಲದಿಂದ ಬಂದವರು. ಮುಂದಿನ ತಿಂಗಳು ಅದೇ ಕಡೆಯ, ಕನ್ನಡ ಮಾತಾಡುವ ಮುದುಕರನ್ನು ಮಾತಾಡಿಸಬೇಕಿತ್ತು. ಅದಕ್ಕೇ ಸರ್ ಈ ಅಭಿನಯವನ್ನು "ಕನ್ನಡತ್ತಿಲೇಯೇ ಪಣ್ಣುಂಗ", ಕನ್ನಡದಲ್ಲೇ ಮಾಡಿ, ಎಂದರು. ಮಾತು ತಿಳಿಯದಿದ್ದರೂ ನಮ್ಮ ಮುಖ ನೋಡಿಯೇ ಮಾರ್ಕು ಕೊಡುತ್ತಾರಂತೆ.

ಎದುರುಬದುರು ಎರಡು ಕುರ್ಚಿ. ಅವರು ಬೆನ್ನು ಬಗ್ಗಿಸಿ ಕೂತರು. ಕಣ್ಣು ಮಾತ್ರ ಮುದಿಯಾಗಲಿಲ್ಲ.

"ಹೇಳಿ ತಾತ, ಮನಸ್ಸಲ್ಲಿ ಏನಿದೆ?"

"ಏನಂತ ಏಳ್ಲಿ ತಾಯಿ. ಓದೋ ಕಾಲ್ದಾಗೆ ಒಬ್ಳಿದ್ಲು. ಬಾಯೇ ಬಿಡ್ತಿರ್ಲಿಲ್ಲ. ಯಾವಾಗ್ಲೂ ಡೈರಿ ಬರೆಯೋದು. ಬೆರಳಿಗೆ ನೀಲಿ ಇಂಕು ಮೆತ್ಕೊಂಡಿರ್ತಿತ್ತು."

ನನ್ನ ಬೆರಳು ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು. ಅವರು ಅದನ್ನು ನೋಡಿದರು. ತುಟಿಯಂಚಿನಲ್ಲಿ ನಗು ಬಂದು, ಹೋಯಿತು.

"ಅವಳ ನೆನಪು ಈಗಲೂ ಕಾಡುತ್ತೆ." ಹೇಳಿಕೊಟ್ಟ ಪಾಠ ಒಪ್ಪಿಸಿದಂತೆ ಅಂದೆ.

"ಕಾಡ್ತೈತೆ. ಈ ಭಾನುವಾರ ಸೋದರಮಾವ ತಾಂಬೂಲ ತಕ್ಕೊಂಡು ಬತ್ತಾವ್ರೆ. ಅವ್ರ ಮಗಳು ಮಾಲತೀನ ನಂಗೆ ಕೊಡ್ತಾರಂತೆ."

ಎಪ್ಪತ್ತೆಂಟರ ಮುದುಕನಿಗೆ ಯಾವ ಭಾನುವಾರ! ಹದಿನಾರು ಜನ ನಮ್ಮನ್ನೇ ನೋಡುತ್ತಿದ್ದರು. ಒಬ್ಬರಿಗೂ ಗೊತ್ತಾಗಲಿಲ್ಲ.

"ಒಂದು ಮಾತು ಕೇಳ್ತೀನಿ ತಾಯಿ. ನಾನು ಬಾಯ್ಬಿಟ್ಟು ಕೇಳಿದ್ರೆ, ಅವ್ಳು ಊಂ ಅಂತಾಳಾ?"

ಬಂದವರ ಪ್ರಶ್ನೆಗೆ ನಾವು ಉತ್ತರ ಕೊಡಬಾರದು, ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು. ಎರಡು ವರ್ಷ ಇದನ್ನೇ ಕಲಿಸಿದ್ದರು. ಹುಟ್ಟಿನಿಂದ ಅಂಜುಬುರುಕಿಯಾದ ನನಗೆ ಅದಕ್ಕಿಂತ ಒಳ್ಳೆಯ ಮರೆ ಎಲ್ಲಿ ಸಿಗಬೇಕು?

"ನಿಮಗೆ ಏನನ್ನಿಸುತ್ತೆ, ತಾತ?"

ಅವರು ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ನೆಲ ನೋಡಿದರು.

"ಅನ್ನಲ್ಲ ಅನ್ಸುತ್ತೆ. ಅನ್ನೋಳಾಗಿದ್ರೆ ಈಗ್ಲೇ ಅಂದಿರೋಳು."

ಸರ್ ಚಪ್ಪಾಳೆ ತಟ್ಟಿದರು. "ರೊಂಬ ನಲ್ಲಾ ಇರುಂದದು! ತಾತ ಏನು ಹೇಳಿದರು? ಎಲ್ಲರಿಗೂ ತಮಿಳಿನಲ್ಲಿ ಹೇಳಮ್ಮ."

ಎದ್ದು ನಿಂತೆ. "ತಾತನಿಗೆ ಮೊಣಕಾಲು ನೋವು ಸರ್. ಹೊಲಕ್ಕೆ ಹೋಗಲಾಗುತ್ತಿಲ್ಲ ಅಂತ ಬೇಸರ" ಎಂದೆ.

ತಿಮ್ಮಪ್ಪ ಅವರಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ತಲೆಯೆತ್ತಿ ನೋಡಿ, ನಿಧಾನವಾಗಿ ಮೊಣಕಾಲು ಹಿಡಿದುಕೊಂಡು ಎದ್ದರು. ಕ್ಲಾಸು ಮತ್ತೆ ನಕ್ಕಿತು.

ಅದು ಶುಕ್ರವಾರ. ಶನಿವಾರವೆಲ್ಲ ಡೈರಿಯಲ್ಲಿ 'ಊಂ' ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಅವರ ಹಾಸ್ಟೆಲು ನಮ್ಮ ಮನೆಯಿಂದ ಎರಡೇ ಬೀದಿ. ಹೋಗಲಿಲ್ಲ. ಸೋಮವಾರ ಅವರು ಬಂದಾಗ ಗೆಳೆಯರು ಬೆನ್ನು ತಟ್ಟಿ, "ಮಾಪ್ಳೇ, ಕಲ್ಯಾಣ ಸಾಪ್ಪಾಡು ಎಪ್ಪೋ?" ಎಂದು, ಮದುವೆ ಊಟ ಯಾವಾಗ ಎಂದು, ಕೂಗಾಡಿದರು.

ಇಡೀ ವಾರ ನಾವು ಮಾತಾಡಲಿಲ್ಲ. ಮುಂದಿನ ಶುಕ್ರವಾರ ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಅವರ ಊರಿನ ಕಡೆಗೆ ಹೋಗುವ ಧರ್ಮಪುರಿ ಬಸ್ಸು ನಿಲ್ಲುವ ಕಡೆ, ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು.

"ಅವಳು ಊಂ ಅಂತಿದ್ದಳು" ಎಂದೆ.

ಅವರು ಬೆಂಚಿನ ಕಲ್ಲನ್ನು ಅಂಗೈಯಿಂದ ಸವರಿದರು. "ಸನಿವಾರ ಸಂಜೆ, ನೀವು ಬತ್ತೀರೇನೋ ಅಂತ, ಇದೇ ಬೆಂಚಲ್ಲಿ ಕೂತಿದ್ದೆ ಕಣ್ರೀ. ಕಡೇ ಬಸ್ಸು ಬರೋಗಂಟ."

"ಈಗ?"

"ಮಾಲತಿ ಮಾವಿನೆಲೆ ಕಟ್ಟಿ ಬಾಗಿಲಲ್ಲಿ ನಿಂತಿದ್ಲು. ಅವ್ಳೇನ್ ತೆಪ್ಪು ಮಾಡವ್ಳೆ, ಏಳಿ?"

ಏನೂ ಮಾಡಿರಲಿಲ್ಲ. ತಪ್ಪೆಲ್ಲ ನನ್ನದೇ. ಅಲ್ಲಿಯೇ, ಅಷ್ಟು ಜನರ ನಡುವೆ, ಅತ್ತುಬಿಟ್ಟೆ.

ಅಳಬೇಡಿ ಎಂದು ಅವರು ಹೇಳಲಿಲ್ಲ. ಅಳುವವರನ್ನು ತಡೆಯಬಾರದು, ಪಕ್ಕದಲ್ಲಿ ಕೂತಿರಬೇಕು, ಅಷ್ಟೇ. ನಾವಿಬ್ಬರೂ ಕಲಿತದ್ದೇ ಅದು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದು ಬಂದಾಗ ಮುಖ ಒರೆಸಿಕೊಂಡು, ಅವರ ಚೀಲವನ್ನು ನಾನೇ ಎತ್ತಿಕೊಟ್ಟೆ.